‘ರಾಪೋ’ ಅನ್ನುವುದನ್ನು ಕನ್ನಡದಲ್ಲಿ ಹೇಳುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಮನೆಮನೆ ಸಮೀಕ್ಷೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಪ್ರಶ್ನೆಪಟ್ಟಿ ಬಿಚ್ಚುವ ಮುಂಚೆ ಮನೆಯವರ ಜೊತೆ ‘ರಾಪೋ’ (rapport), ಅಂದರೆ ಸಂಕೋಚವಿಲ್ಲದೆ ಮಾತು ಸಾಗುವಂಥ ನಂಟು, ಬೆಳೆಸಿಕೊಳ್ಳಬೇಕು ಅಂತ ಇಂಗ್ಲಿಷ್ ಪ್ರತಿಯಲ್ಲಿತ್ತು. ರಾತ್ರಿ ಹನ್ನೊಂದಾಗಿತ್ತು, ಬೆಳಿಗ್ಗೆ ಅಚ್ಚಿಗೆ ಹೋಗಬೇಕಿತ್ತು. ‘ಮನೆಯಲ್ಲಿರುವ ಮಹಿಳೆಯರೊಂದಿಗೆ ಉತ್ತಮ ಸಂಬಂಧ ಬೆಳೆಸಿ’ ಎಂದು ಬರೆದು ಮಲಗಿಬಿಟ್ಟೆ. ತುಮಕೂರು ಕಡೆ ನಡೆದ ತರಬೇತಿಯಲ್ಲಿ ಆ ಸಾಲನ್ನು ಹುಡುಗನೊಬ್ಬ ಗಟ್ಟಿಯಾಗಿ ಓದಿದ. ಹಿಂದಿನ ಬೆಂಚಿನಲ್ಲಿ ಶುರುವಾದ ನಗು ಮುಂದಿನ ಸಾಲಿಗೆ ಬರುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು. ಹದಿನೈದು ವರ್ಷ ಊರೂರು ಸುತ್ತಿದ್ದ ಮೇಲ್ವಿಚಾರಕಿಯೊಬ್ಬರು ಎದ್ದು ನಿಂತು, ‘ಸಾರ್, ಇದನ್ನ ಓದ್ಕೊಂಡು ಹೋದ್ರೆ ನಮ್ ಹುಡುಗ್ರು ಒದೆ ತಿಂದ್ಕೊಂಡು ಬರ್ತಾರೆ’ ಅಂದರು.

ಊಟದ ಹೊತ್ತಿಗೆ ಅವರ ಪಕ್ಕ ಕೂತು, ನೀವು ಇದಕ್ಕೆ ಏನಂತೀರಿ ಅಂತ ಕೇಳಿದೆ. ಮುದ್ದೆ ಮುರಿಯುತ್ತಲೇ ಹೇಳಿದರು: ‘ಏನೂ ಅನ್ನಲ್ಲ ಸಾರ್, ಮಾಡ್ತೀವಿ. ಹೋದ ತಕ್ಷಣ ಪೇಪರ್ ತೆಗೀಬಾರ್ದು. ಜಗಲಿ ಮೇಲೆ ಕೂತು ನೀರು ಕೇಳ್ಬೇಕು. ಮಗು ಇದ್ರೆ ಹೆಸ್ರೇನು ಅಂತ ಕೇಳ್ಬೇಕು. ಅವ್ರು ಮೈಚಳಿ ಬಿಟ್ಟು ಮಾತಾಡೋವರ್ಗೂ ಪೆನ್ನು ಮುಟ್ಬಾರ್ದು, ಅಷ್ಟೆ.’

ಮರುಮುದ್ರಣದಲ್ಲಿ ನನ್ನ ಸಾಲು ಹೋಗಿ ಅವರ ಸಾಲು ಬಂತು: ‘ಮನೆಯವರು ಮೈಚಳಿ ಬಿಟ್ಟು ಮಾತಾಡುವವರೆಗೆ ಪ್ರಶ್ನೆಪಟ್ಟಿ ತೆಗೆಯಬೇಡಿ.’ ‘ಏನೂ ಅನ್ನಲ್ಲ, ಮಾಡ್ತೀವಿ’ ಅನ್ನುವ ಅವರ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಇಂಗ್ಲಿಷ್ ಇದಕ್ಕೊಂದು ನಾಮಪದ ಇಟ್ಟುಕೊಂಡಿದೆ. ಕನ್ನಡದ ಬಂಡವಾಳವೆಲ್ಲ ಕ್ರಿಯಾಪದದಲ್ಲಿದೆ. ಅನುವಾದ ಮಾಡುವವರು, ತರಬೇತಿ ಕೊಡುವವರು, ಆಫೀಸಿನ ಸುತ್ತೋಲೆ ಬರೆಯುವವರು ಈ ಪದ ಎದುರಾದಾಗ ಏನು ಮಾಡಬಹುದು ಅನ್ನುವುದನ್ನು ನಾನು ಮಾಡಿಕೊಂಡು ಬಂದ ಕ್ರಮದಲ್ಲೇ ಹೇಳುತ್ತೇನೆ.

ಹೆಜ್ಜೆ 1: ಪದದ ಊರು ತಿಳಿದುಕೊಳ್ಳಿ

ಇದು ಇಂಗ್ಲಿಷಿಗೆ ಫ್ರೆಂಚಿನಿಂದ ಬಂದ ಪದ. ಕೊನೆಯಲ್ಲಿ ‘ಟಿ’ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಬರೆಯಲೇಬೇಕಾದರೆ ‘ರಾಪೋ’ ಸಾಕು. ‘ರಾಪೋರ್ಟ್’ ಅಂತ ಬರೆದರೆ ಓದುಗರು ಅದನ್ನು ‘ರಿಪೋರ್ಟ್’ ಎಂದೇ ಓದಿಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪೂ ಪೂರ್ತಿ ಇಲ್ಲ. ಎರಡೂ ಒಂದೇ ಬೇರಿನ ಪದಗಳು, ಲ್ಯಾಟಿನ್ನಿನ ‘ಹೊರು, ಒಯ್ಯು’ ಎಂಬ ಅರ್ಥದ ಧಾತುವಿನಿಂದ ಬಂದವು. ಇವತ್ತಿಗೂ ಫ್ರೆಂಚರ ಕಂಪನಿಗಳು ವಾರ್ಷಿಕ ವರದಿಗೆ ಬಳಸುವುದು ಇದೇ ‘ರಾಪೋರ್’ ಪದವನ್ನು. ಇಬ್ಬರ ನಡುವೆ ಏನೋ ಹೋಗಿಬರುತ್ತಿದೆ, ಒಬ್ಬರದು ಇನ್ನೊಬ್ಬರಿಗೆ ತಲುಪುತ್ತಿದೆ ಅನ್ನುವುದು ಪದದ ಒಡಲಿನಲ್ಲೇ ಇದೆ. ನಮ್ಮಲ್ಲಿ ‘ಅವರ ಮನೆಗೂ ನಮ್ಮ ಮನೆಗೂ ಹೋಗಿಬರೋ ಬಳಕೆ ಇದೆ’ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಚಿತ್ರ.

ಈ ಪದಕ್ಕೆ ವೈದ್ಯರ ಕೋಣೆಯ ವಾಸನೆ ಹತ್ತಿದ್ದು ಹದಿನೆಂಟನೇ ಶತಮಾನದ ಕೊನೆಯಲ್ಲಿ. ವಿಯೆನ್ನಾದ ವೈದ್ಯ ಫ್ರಾನ್ಸ್ ಆಂಟನ್ ಮೆಸ್ಮರ್ 1778ರಲ್ಲಿ ಪ್ಯಾರಿಸ್ಸಿಗೆ ಬಂದು, ಜೀವಿಗಳ ಮೈಯಲ್ಲಿ ಹರಿಯುವ ಕಾಂತಶಕ್ತಿಯಿಂದ ರೋಗ ವಾಸಿಮಾಡುತ್ತೇನೆ ಎಂದು ದೊಡ್ಡ ಗದ್ದಲ ಎಬ್ಬಿಸಿದ. ಚಿಕಿತ್ಸೆ ಕೊಡುವವನಿಗೂ ಪಡೆಯುವವನಿಗೂ ನಡುವೆ ಏರ್ಪಡುವ ಕೊಂಡಿಗೆ ಈ ಪಂಥದವರು ಇಟ್ಟುಕೊಂಡ ಹೆಸರು ರಾಪೋ. 1784ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿ ನೇಮಿಸಿದ ತನಿಖಾ ಮಂಡಳಿಯಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ ಇಬ್ಬರೂ ಇದ್ದರು. ಅಂಥ ಕಾಂತಶಕ್ತಿ ಯಾವುದೂ ಇಲ್ಲ, ಕೆಲಸ ಮಾಡುತ್ತಿರುವುದು ರೋಗಿಯ ಕಲ್ಪನೆ ಎಂದು ಅವರು ತೀರ್ಪು ಕೊಟ್ಟರು. ಕಾಂತಶಕ್ತಿ ಹೋಯಿತು, ಪದ ಉಳಿಯಿತು. ಈಗ ವೈದ್ಯರು, ಮೇಷ್ಟರು, ಪೊಲೀಸರು, ಇನ್ಶೂರೆನ್ಸ್ ಏಜೆಂಟರು ಎಲ್ಲರ ತರಬೇತಿ ಪುಸ್ತಕದಲ್ಲೂ ಇದೆ.

ಹೆಜ್ಜೆ 2: ಯಾವ ರಾಪೋ ಅಂತ ಕೇಳಿಕೊಳ್ಳಿ

ನಿಮ್ಮ ಮುಂದಿರುವ ವಾಕ್ಯದಲ್ಲಿ ಈ ಪದ ಏನನ್ನು ಹೇಳುತ್ತಿದೆ? ಲಿಂಡಾ ಟಿಕಲ್-ಡೆಗ್ನೆನ್ ಮತ್ತು ರಾಬರ್ಟ್ ರೊಸೆಂತಾಲ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು 1990ರಲ್ಲಿ ಬರೆದ ಪ್ರಬಂಧವೊಂದು ನನಗೆ ಇಲ್ಲಿ ತುಂಬ ಉಪಯೋಗಕ್ಕೆ ಬಂದಿದೆ. ಅವರು ರಾಪೋವನ್ನು ಮೂರಾಗಿ ಬಿಡಿಸುತ್ತಾರೆ: ಒಬ್ಬರ ಮೇಲೊಬ್ಬರಿಗೆ ಗಮನ, ಒಬ್ಬರಿಗೊಬ್ಬರು ತೋರುವ ಆದರ, ಇಬ್ಬರ ನಡೆನುಡಿಯ ಹೊಂದಿಕೆ. ಹೊಸದಾಗಿ ಭೇಟಿಯಾದವರಲ್ಲಿ ಆದರದ ತೂಕ ಹೆಚ್ಚು. ಪರಿಚಯ ಹಳತಾಗುತ್ತ ಹೋದಂತೆ ಆದರದ ಪ್ರದರ್ಶನ ಇಳಿದು ಹೊಂದಿಕೆಯ ತೂಕ ಹೆಚ್ಚುತ್ತದೆ, ಗಮನ ಮಾತ್ರ ಮೊದಲಿಂದ ಕೊನೆಯವರೆಗೂ ಬೇಕು, ಅನ್ನುವುದು ಅವರ ವಾದ.

ನಮ್ಮ ಮನೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಹೊಸ ಬೀಗರು ಬಂದರೆ ‘ಬನ್ನಿ ಬನ್ನಿ, ಕೂತ್ಕೊಳ್ಳಿ, ಕಾಫಿನೋ ಟೀನೋ’ ಎಂಬ ಉಪಚಾರ. ಮೂವತ್ತು ವರ್ಷದ ಗೆಳೆಯ ಬಂದರೆ ಪೇಪರಿನಿಂದ ತಲೆ ಎತ್ತದೆ ‘ಬಂದ್ಯಾ’ ಅಂದರೆ ಮುಗಿಯಿತು. ಎರಡೂ ರಾಪೋನೇ, ಎರಡಕ್ಕೂ ಒಂದೇ ಕನ್ನಡ ಪದ ಹಾಕಲು ಬರುವುದಿಲ್ಲ. ಹತ್ತು ನಿಮಿಷದಲ್ಲಿ ಆಗಬೇಕಾದ್ದೋ ಹತ್ತು ವರ್ಷದಲ್ಲಿ ಆದದ್ದೋ ಎಂದು ಮೊದಲು ತೀರ್ಮಾನ ಮಾಡಿಕೊಳ್ಳಿ. ಅರ್ಧ ಕೆಲಸ ಅಲ್ಲಿಗೆ ಆಯಿತು.

ಹೆಜ್ಜೆ 3: ಯಾರಿಗೂ ಯಾರಿಗೂ ನಡುವೆ ಅಂತ ನೋಡಿ ಪದ ಆರಿಸಿ

ನಿಘಂಟಿನಲ್ಲಿ ಹೊಂದಾಣಿಕೆ, ಸಾಮರಸ್ಯ, ಅನ್ಯೋನ್ಯತೆ, ಬಾಂಧವ್ಯ, ಸೌಹಾರ್ದ ಎಲ್ಲ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಸಾಲಿನಲ್ಲಿ ನಿಂತ ಮಾತ್ರಕ್ಕೆ ಅವು ಒಂದರ ಬದಲು ಇನ್ನೊಂದು ದುಡಿಯುತ್ತವೆ ಅಂದುಕೊಳ್ಳಬೇಡಿ.

ನಾನು ಹಳ್ಳಕ್ಕೆ ಬಿದ್ದ ‘ಸಂಬಂಧ’ದಿಂದಲೇ ಶುರುಮಾಡುತ್ತೇನೆ. ‘ಒಂದು ಸಂಬಂಧ ಬಂದಿದೆ’ ಅಂದರೆ ಹೆಣ್ಣು-ಗಂಡಿನ ಮಾತು. ‘ಅವರಿಬ್ಬರಿಗೂ ಸಂಬಂಧ ಇದೆ’ ಅಂದರೆ ದನಿ ತಗ್ಗಿಸಿ ಹೇಳುವ ಮಾತು. ಇಲಾಖೆಗೂ ಇಲಾಖೆಗೂ ಸಂಬಂಧ ಇರಬಹುದು, ಕಾರಣಕ್ಕೂ ಪರಿಣಾಮಕ್ಕೂ ಇರಬಹುದು. ಅಪರಿಚಿತ ಗಂಡಸಿಗೆ ಅಪರಿಚಿತ ಹೆಂಗಸಿನ ಜೊತೆ ‘ಸಂಬಂಧ ಬೆಳೆಸು’ ಅಂತ ಯಾವ ಕೈಪಿಡಿಯಲ್ಲೂ ಬರೆಯಬೇಡಿ.

‘ಸಲಿಗೆ’ ಕಿವಿಗೆ ಹಿತವಾದ ಪದ, ‘ಸಲುಗೆ’ ಅಂತಲೂ ಬರೆಯುತ್ತಾರೆ. ಸಂಕೋಚ ಕಳೆದು ಹತ್ತಿರವಾಗುವುದು ಅದರ ಅರ್ಥ. ಆದರೆ ಅದಕ್ಕೆ ಮೇಲು-ಕೆಳಗಿನ ಲೆಕ್ಕ ಇದೆ. ಸಲಿಗೆ ‘ಕೊಡುವವರು’ ದೊಡ್ಡವರು, ‘ತೆಗೆದುಕೊಳ್ಳುವವರು’ ಚಿಕ್ಕವರು. ಕೊಟ್ಟಿದ್ದಕ್ಕಿಂತ ಹೆಚ್ಚು ತೆಗೆದುಕೊಂಡರೆ ಅದು ‘ಸದರ’. ಅಜ್ಜಿಯ ಹತ್ತಿರ ಮೊಮ್ಮಗನಿಗೆ ಸಲಿಗೆ ಇದ್ದರೆ ಚೆಂದ. ಸಾಹೇಬರ ಹತ್ತಿರ ಡ್ರೈವರಿಗೆ ಸಲಿಗೆ ಇದೆ ಅಂದರೆ ಯಾರೋ ಚಾಡಿ ಹೇಳುತ್ತಿದ್ದಾರೆ ಅಂತ ಲೆಕ್ಕ. ಅಪರಾಧ ಸುದ್ದಿಯಲ್ಲಿ ‘ಆಕೆಯೊಂದಿಗೆ ಸಲುಗೆಯಿಂದ ಇದ್ದ’ ಎಂಬ ಸಾಲು ಓದಿದವರಿಗೆ ಉಳಿದದ್ದನ್ನು ನಾನು ಹೇಳಬೇಕಿಲ್ಲ.

‘ಅನ್ಯೋನ್ಯ’ದ ಕಥೆ ಸ್ವಾರಸ್ಯವಾಗಿದೆ. ಸಂಸ್ಕೃತದಲ್ಲಿ ಅದಕ್ಕೆ ಬರೀ ‘ಪರಸ್ಪರ’ ಎಂಬ ಅರ್ಥ. ಅಲ್ಲಿ ಕಲಹವೂ ಅನ್ಯೋನ್ಯವಾಗಿರಬಹುದು. ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯ ಅಂದರೆ ಅದೊಂದು ದೋಷ. ಕನ್ನಡಕ್ಕೆ ಬಂದು ಅದು ಪ್ರೀತಿ ತುಂಬಿಕೊಂಡಿತು. ನಾವು ಅನ್ಯೋನ್ಯವಾಗಿ ಜಗಳವಾಡುವುದಿಲ್ಲ. ಗಂಡ-ಹೆಂಡತಿ, ಅಕ್ಕ-ತಂಗಿ, ಅಪರೂಪಕ್ಕೆ ಅತ್ತೆ-ಸೊಸೆ ಅನ್ಯೋನ್ಯವಾಗಿರುತ್ತಾರೆ. ಮನೆಯ ಪದ ಅದು. ಹಲ್ಲಿನ ಡಾಕ್ಟರ ಜೊತೆ ನನಗೆ ಅನ್ಯೋನ್ಯತೆ ಇದೆ ಅಂದರೆ ಮನೆಯಾಕೆ ಒಮ್ಮೆ ತಿರುಗಿ ನೋಡುತ್ತಾಳೆ.

‘ಒಡನಾಟ’ ನನ್ನ ಮೆಚ್ಚಿನ ಪದ. ಒಡನೆ ಆಡುವುದು, ಅಂದರೆ ಜೊತೆಯಲ್ಲಿ ಓಡಾಡುವುದು, ಮಾತಾಡುವುದು, ಆಟವಾಡುವುದು ಎಲ್ಲವೂ ಅದರಲ್ಲಿದೆ. ತೊಡಕೇನೆಂದರೆ ಅದು ಕಾಲ ಬೇಡುವ ಪದ. ಶ್ರದ್ಧಾಂಜಲಿ ಸಭೆಯ ವರದಿಗಳಲ್ಲಿ ‘ದಿವಂಗತರೊಂದಿಗಿನ ಒಡನಾಟವನ್ನು ಸ್ಮರಿಸಿದರು’ ಅಂತ ತಪ್ಪದೆ ಬರುವುದು ಅದಕ್ಕೇ. ಹತ್ತು ನಿಮಿಷದ ಸಂದರ್ಶನಕ್ಕೆ ಒಡನಾಟ ಸಲ್ಲದು. ಹಳೆಯ ಸಹೋದ್ಯೋಗಿಗಳ ನಡುವಿನ ರಾಪೋಗೆ ಇದಕ್ಕಿಂತ ಒಳ್ಳೆಯ ಪದ ನಾನು ಕಂಡಿಲ್ಲ.

‘ಹೊಂದಾಣಿಕೆ’ಯಲ್ಲಿ ತ್ಯಾಗದ ಒಂದು ಎಳೆ ಇದೆ. ‘ಹೊಂದಿಕೊಂಡು ಹೋಗಮ್ಮಾ’ ಎಂದು ಮದುವೆಯಾದ ಮಗಳಿಗೆ ಹೇಳುತ್ತಾರಲ್ಲ, ಆ ಎಳೆ. ಚುನಾವಣೆ ಹತ್ತಿರ ಬಂದಾಗ ‘ಹೊಂದಾಣಿಕೆ ರಾಜಕಾರಣ’ ಅಂದರೆ ಒಳಗೊಳಗೇ ಕೈ ಕುಲುಕಿಕೊಂಡಿದ್ದಾರೆ ಅಂತ. ಆದ್ದರಿಂದ ಈ ಪದವನ್ನು ಇಬ್ಬರೂ ಸೇರಿ ಒಂದು ಕೆಲಸ ಮಾಡುವ ಕಡೆಗೆ ಮೀಸಲಿಡುವುದು ಒಳ್ಳೆಯದು. ಬ್ಯಾಟಿಂಗ್ ಮಾಡುವ ಜೋಡಿಯ ಹೊಂದಾಣಿಕೆ ಅಂದರೆ ಯಾರಿಗೂ ತಕರಾರಿಲ್ಲ. ಕಿವಿಗೆ ಸಂಬಂಧಪಟ್ಟ ಕೆಲಸವಾದರೆ ಇನ್ನೂ ಚೆಂದದ ಮಾತಿದೆ. ಯಕ್ಷಗಾನದ ಭಾಗವತರು ಪದ್ಯ ಎತ್ತುತ್ತಿದ್ದಂತೆ ಮದ್ದಳೆಯವರ ಕೈ ಅಲ್ಲಿಗೇ ಬಂದು ಬೀಳುತ್ತದೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಅಲ್ಲಿ ‘ತಾಳಮೇಳ ಕೂಡಿದೆ’, ‘ಶ್ರುತಿ ಸೇರಿದೆ’. ಆಫೀಸಿನಲ್ಲಿ ‘ಆ ಎರಡು ಸೆಕ್ಷನ್ನಿಗೂ ತಾಳಮೇಳ ಇಲ್ಲ’ ಅಂತ ನಾವು ಬೈಯುವಾಗ ನೆನಪಿಲ್ಲದೆಯೇ ಆ ರಂಗಸ್ಥಳದ ಮಾತನ್ನು ಬಳಸುತ್ತಿರುತ್ತೇವೆ.

‘ಸೌಹಾರ್ದ’, ‘ಸಾಮರಸ್ಯ’, ‘ಬಾಂಧವ್ಯ’ ಮೂರೂ ಈಗ ಗುಂಪಿನ ಪದಗಳಾಗಿಬಿಟ್ಟಿವೆ. ಒಳ್ಳೆಯ ಹೃದಯವುಳ್ಳವನು ಸುಹೃದ, ಅವನ ಗುಣ ಸೌಹಾರ್ದ. ಆದರೆ ಓದುಗರ ಕಿವಿಯಲ್ಲಿ ಅದು ಕೋಮು ಸೌಹಾರ್ದ, ಇಲ್ಲವೇ 1997ರ ಕಾಯ್ದೆಯಡಿ ನೋಂದಾಯಿತವಾದ ಯಾವುದೋ ‘ಸೌಹಾರ್ದ ಸಹಕಾರಿ’ಯ ಬೋರ್ಡು. ಬರೆಯುವುದೇ ಆದರೆ ‘ಸೌಹಾರ್ದ’ ಅಂತ ನಿಲ್ಲಿಸಿ. ಅದೇ ಭಾವನಾಮವಾಗಿರುವಾಗ ಬೆನ್ನಿಗೆ ಇನ್ನೊಂದು ‘ತೆ’ ಕಟ್ಟಿ ‘ಸೌಹಾರ್ದತೆ’ ಮಾಡಬೇಕಿಲ್ಲ. ಸಾಮರಸ್ಯದ ಹಿಂದೆ ಶರಣರ ‘ಸಮರಸ’ದ ದೊಡ್ಡ ಪರಂಪರೆ ಇದೆ, ಲಿಂಗಾಂಗ ಸಾಮರಸ್ಯದ ಆ ಪದವನ್ನು ಮಾರ್ಕೆಟಿಂಗ್ ತರಬೇತಿಗೆ ಎಳೆದು ತರಲು ನನಗೆ ಮನಸ್ಸು ಬರುವುದಿಲ್ಲ. ಬಾಂಧವ್ಯ ದೇಶ-ದೇಶಗಳಿಗೆ ಹೋಯಿತು, ‘ದ್ವಿಪಕ್ಷೀಯ ಬಾಂಧವ್ಯ ವೃದ್ಧಿ’ ಅಂತ.

ಇಷ್ಟೆಲ್ಲ ತಳ್ಳಿಹಾಕಿದ ಮೇಲೆ ಉಳಿದದ್ದೇನು ಅಂತ ಕೇಳಬಹುದು. ‘ವಿಶ್ವಾಸ’ ಉಳಿದಿದೆ. ಹಿಂದಿಯಲ್ಲಿ ಅದು ನಂಬಿಕೆ ಮಾತ್ರ. ಕನ್ನಡದಲ್ಲಿ, ಅದರಲ್ಲೂ ಹಳೇ ಮೈಸೂರಿನ ಕಡೆ, ಅದಕ್ಕೆ ಅಕ್ಕರೆಯೂ ಸೇರಿದೆ. ‘ತುಂಬಾ ವಿಶ್ವಾಸದಿಂದ ಮಾತಾಡಿಸಿದರು’ ಅಂದರೆ ನಂಬಿದರು ಅಂತಲ್ಲ, ಆತ್ಮೀಯವಾಗಿ ಕಂಡರು ಅಂತ. ಕಾಗದ ಬರೆಯುವ ಕಾಲದಲ್ಲಿ ಕೊನೆಗೆ ‘ಇಂತಿ ನಿಮ್ಮ ವಿಶ್ವಾಸಿ’ ಹಾಕುತ್ತಿದ್ದೆವು. ನಂಬಿಕೆ, ಅಕ್ಕರೆ ಎರಡೂ ಬೇಕಾದ ಕಡೆ, ಅಂದರೆ ವೈದ್ಯರು-ರೋಗಿ, ಮೇಷ್ಟರು-ಮಕ್ಕಳು, ವಕೀಲರು-ಕಕ್ಷಿದಾರರು, ಇಂಥ ಕಡೆ ‘ವಿಶ್ವಾಸ ಗಳಿಸಿ’ ಅಂತ ಬರೆದರೆ ಸರ್ಕಾರಿ ಸುತ್ತೋಲೆಯಲ್ಲೂ ಎದ್ದು ಕಾಣದೆ ಕೂರುತ್ತದೆ. ವಿಧಾನಸೌಧದ ವಿಶ್ವಾಸಮತದ ನೆನಪಾದರೆ ಆಗಲಿ ಬಿಡಿ.

ಹೆಜ್ಜೆ 4: ನಾಮಪದವನ್ನು ಕೆಳಗಿಳಿಸಿ, ಕ್ರಿಯಾಪದ ಹತ್ತಿಸಿ

ಇದು ಮುಖ್ಯ. ಇಂಗ್ಲಿಷ್ ರಾಪೋವನ್ನು ‘ಕಟ್ಟುತ್ತದೆ’, ‘ಸ್ಥಾಪಿಸುತ್ತದೆ’, ‘ಕಾಪಾಡುತ್ತದೆ’. ನಾವು ಸ್ಥಾಪಿಸುವುದು ಸಂಘ, ವಿಗ್ರಹ. ‘ಬಾಂಧವ್ಯ ಸ್ಥಾಪಿಸಿ’ ಅಂದಾಕ್ಷಣ ಕಣ್ಮುಂದೆ ಅಡಿಗಲ್ಲು ಬರುತ್ತದೆ. ಜನ ನಿಜವಾಗಿ ಏನನ್ನುತ್ತಾರೆ ಕೇಳಿ: ‘ಮಗು ಹೊಸ ಮಿಸ್ಸಿಗೆ ಒಗ್ಗಿಕೊಂಡಿತು.’ ‘ಎಲ್ಲರ ಜೊತೆ ಬೆರೀತಾಳೆ.’ ‘ಬಂದ ಎರಡೇ ದಿನಕ್ಕೆ ಹೊಂದ್ಕೊಂಡುಬಿಟ್ಟ.’ ‘ಇಬ್ಬರಿಗೂ ಸ್ನೇಹ ಕುದುರಿತು.’ ‘ಅವರ ಹತ್ತಿರ ಮಾತಾಡ್ತಿದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.’ ದಕ್ಷಿಣ ಕನ್ನಡದವರು ‘ನಂಗೆ ಅವರ ಗುರ್ತ ಉಂಟು’ ಅಂದರೆ ಬರೀ ಮುಖಪರಿಚಯ ಅಲ್ಲ, ಒಂದು ಮಾತು ಹೇಳಿದರೆ ನಡೆಯುತ್ತದೆ ಎಂಬ ಭರವಸೆಯೂ ಅದರಲ್ಲಿರಬಹುದು. ಧಾರವಾಡದ ಕಡೆ ಇಬ್ಬರು ತೀರಾ ಹತ್ತಿರದವರಾದರೆ ‘ಅವರದು ಗಳಸ್ಯ ಕಂಠಸ್ಯ’.

ಇನ್ನೊಂದನ್ನು ಗಮನಿಸಿದ್ದೇನೆ. ನಮಗೆ ಇದು ಇಲ್ಲದಿದ್ದಾಗಲೇ ಹೆಚ್ಚು ಮಾತು ಹುಟ್ಟುತ್ತದೆ. ‘ಆಗಿಬರಲ್ಲ’, ‘ಕಂಡ್ರಾಗಲ್ಲ’, ‘ಎಣ್ಣೆ-ಸೀಗೆಕಾಯಿ’, ‘ಹಾವು-ಮುಂಗುಸಿ’, ಈಗಿನ ಹುಡುಗರ ‘ಸೆಟ್ ಆಗಲ್ಲ’. ಇರುವಾಗ ‘ಚೆನ್ನಾಗಿದ್ದಾರೆ’ ಅಂದು ಸುಮ್ಮನಾಗುತ್ತೇವೆ. ‘ಅವರಿಬ್ಬರೂ ಚೆನ್ನಾಗಿದ್ದಾರೆ’ ಎಂಬ ಮಾತನ್ನು ಇಂಗ್ಲಿಷಿಗೆ ಮಾಡುವವರು ಆರೋಗ್ಯದ ವಿಚಾರ ಅಂದುಕೊಂಡರೆ ಕೆಟ್ಟರು. ಅದು ಎಷ್ಟೋ ಸಲ ಅಪ್ಪಟ ರಾಪೋ. ಕಾರಣ ಗೊತ್ತಿಲ್ಲದೆ ಕೂಡಿಬಂದರೆ ಇರಲಿ ಅಂತ ‘ಋಣಾನುಬಂಧ’ ಒಂದನ್ನು ಇಟ್ಟುಕೊಂಡಿದ್ದೇವೆ.

ಹೀಗಾಗಿ ವಾಕ್ಯ ಕೈಗೆ ಬಂದಾಗ, ‘ಇದಕ್ಕೆ ಪದ ಏನು’ ಅಂತ ಕೇಳಬೇಡಿ. ‘ಇದು ಆದಾಗ ಎದುರಿನವರು ಏನು ಮಾಡುತ್ತಾರೆ’ ಅಂತ ಕೇಳಿ. ಮಗು ಮಡಿಲಿಗೆ ಬರುತ್ತದೆ. ರೋಗಿ ಮುಚ್ಚಿಟ್ಟಿದ್ದನ್ನು ಹೇಳುತ್ತಾನೆ. ಗಿರಾಕಿ ಮುಂದಿನ ಸಲ ನೇರ ನಿಮ್ಮ ಕೌಂಟರಿಗೇ ಬರುತ್ತಾನೆ. ಅದನ್ನೇ ಬರೆಯಿರಿ. ‘ತರಗತಿಯಲ್ಲಿ ಮಕ್ಕಳೊಂದಿಗೆ ಉತ್ತಮ ಬಾಂಧವ್ಯ ಸ್ಥಾಪಿಸುವುದು ಶಿಕ್ಷಕರ ಕರ್ತವ್ಯವಾಗಿದೆ’ ಎಂಬ ಸಾಲು ಒಮ್ಮೆ ತಿದ್ದಲು ಬಂದಿತ್ತು. ‘ಮಕ್ಕಳು ಹೆದರದೆ ಪ್ರಶ್ನೆ ಕೇಳುವಷ್ಟು ಅವರ ಜೊತೆ ಬೆರೆಯಿರಿ’ ಅಂತ ಮಾಡಿದೆ. ಹತ್ತು ಮಾರ್ಕಿನ ಪ್ರಶ್ನೆಗೆ ಬರೆದ ಉತ್ತರದ ಹಾಗಿದ್ದದ್ದು ಮೇಷ್ಟರಿಗೆ ಹೇಳಿದ ಮಾತಾಯಿತು.

ಹೆಜ್ಜೆ 5: ಪ್ರತ್ಯಯ ಸರಿಮಾಡಿ

ಚಿಕ್ಕ ಕೆಲಸ, ಆದರೆ ಬಿಟ್ಟರೆ ಅನುವಾದದ ವಾಸನೆ ಹೋಗುವುದಿಲ್ಲ. ಒಗ್ಗುವುದು ‘ಗೆ’ ಬೇಡುತ್ತದೆ: ಊರಿಗೆ ಒಗ್ಗಿದ. ಬೆರೆಯುವುದು ‘ಜೊತೆ’ ಬೇಡುತ್ತದೆ, ಉತ್ತರ ಕರ್ನಾಟಕವಾದರೆ ‘ಜೋಡಿ’. ನಂಟು ಎರಡು ಕಡೆಯೂ ‘ಗೂ’ ಕೇಳುತ್ತದೆ: ನನಗೂ ಆ ಮನೆಗೂ ಹಳೇ ನಂಟು. ವಿಶ್ವಾಸ ಗಳಿಸುವಾಗ ‘ಅವರ’ ವಿಶ್ವಾಸ. ‘ಅವರೊಂದಿಗೆ ವಿಶ್ವಾಸವನ್ನು ಗಳಿಸಿ’ ಅಂತ ಬರೆದರೆ ಇಂಗ್ಲಿಷ್ ಇಣುಕಿತು. ಇನ್ನು ಆಫೀಸಿನ ಹರಟೆಯಲ್ಲಿ ‘ಮ್ಯಾನೇಜರ್ ಜೊತೆ ಒಳ್ಳೆ ರಾಪೋ ಇದೆ’ ಅಂದರೆ ಅದು ತಪ್ಪೇನಲ್ಲ, ಹಾಗೆ ಮಾತಾಡುವವರ ಮಾತನ್ನು ಬರೆಯುವಾಗ ಹಾಗೇ ಬಿಡಿ. ಸಂಭಾಷಣೆಯಲ್ಲಿ ಐಟಿ ಹುಡುಗನ ಬಾಯಿಗೆ ‘ಅನ್ಯೋನ್ಯತೆ’ ತುರುಕುವುದಕ್ಕಿಂತ ಅದೇ ಮೇಲು.

ಹೆಜ್ಜೆ 6: ಆ ಕೆಲಸ ಮಾಡುವವರಿಗೆ ಓದಿ ಹೇಳಿ

ಬರೆದದ್ದನ್ನು ಇನ್ನೊಬ್ಬ ಬರಹಗಾರರಿಗೆ ತೋರಿಸಿ ಪ್ರಯೋಜನವಿಲ್ಲ, ಅವರೂ ನಿಘಂಟಿನ ಕಡೆಯವರೇ. ಕಳೆದ ಸಲ ಆಸ್ಪತ್ರೆಯ ಸಿಬ್ಬಂದಿಗೆ ಅಂತ ನಾಲ್ಕು ಪುಟದ ಸೂಚನೆ ಕನ್ನಡಕ್ಕೆ ಮಾಡಿದಾಗ, ನಮ್ಮ ಬೀದಿಯಲ್ಲೇ ಇರುವ ನರ್ಸೊಬ್ಬರಿಗೆ ಓದಿ ಹೇಳಿದೆ. ರಾಪೋಗೆ ‘ರೋಗಿಯ ವಿಶ್ವಾಸ ಗಳಿಸಿ’ ಅಂತ ಹಾಕಿದ್ದೆ. ಅವರು ತಲೆಯಾಡಿಸಿದರು, ನಾನು ಒಳಗೊಳಗೇ ಹಿಗ್ಗಿದೆ. ಮುಂದಿನ ಸಾಲು ಇಂಗ್ಲಿಷಿನಲ್ಲಿ ಇದ್ದ ಹಾಗೇ ಇತ್ತು: ‘ಅದಕ್ಕಾಗಿ ರೋಗಿಯನ್ನು ಹೆಸರು ಹಿಡಿದು ಮಾತಾಡಿಸಿ.’

‘ಇದು ಬೇಡ’ ಅಂದರು. ‘ಎಪ್ಪತ್ತು ವರ್ಷದವರನ್ನ ಹೆಸರು ಹಿಡಿದು ಕರೆದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ. ಹೆಸರು ಫೈಲಲ್ಲಿ ನೋಡ್ಕೊಳ್ಳಿ ಅಂತ ಬರೀರಿ. ಕರೆಯೋಕೆ ಅಜ್ಜಿ, ತಾತ.’